ಕಫೀಲ್ ಒಪ್ಪದಿದ್ದರೆ ಊರಿಗೆ ಬರೋದು ಹೇಗೆ?

ಗಲ್ಫ್ ಕಾಗದಪತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಯಜಮಾನರು ರಿಯಾದ್‌ನಲ್ಲಿ ಒಂದು ಮನೆಯ ಡ್ರೈವರ್. ಹೋಗಿ ಮೂರು ವರ್ಷ ಆಯಿತು, ಒಮ್ಮೆಯೂ ಊರಿಗೆ ಬಂದಿಲ್ಲ. ಸಂಬಳ ಸರಿಯಾಗಿ ಬರುತ್ತಿದೆ. ರಜೆ ಕೇಳಿದರೆ ಕಫೀಲ್ (ವೀಸಾ ಕೊಟ್ಟ ಮಾಲೀಕರು) ಮೊದಲು ರಂಜಾನ್ ಕಳೀಲಿ ಅಂದರಂತೆ. ಆಮೇಲೆ ಹಜ್ ಮುಗೀಲಿ ಅಂದರು. ಈಗ ಮಕ್ಕಳ ಶಾಲೆ ಶುರುವಾಗಿದೆ ಅಂತಾರೆ. ಇಲ್ಲಿ ಅತ್ತೆಗೆ ಹುಷಾರಿಲ್ಲ. 2021ರಿಂದ ಸೌದಿಯಲ್ಲಿ ಮಾಲೀಕರನ್ನು ಕೇಳದೆ ಮೊಬೈಲಲ್ಲೇ ಎಕ್ಸಿಟ್ (ದೇಶ ಬಿಡುವ ಅನುಮತಿ) ಹೊಡೆಸಬಹುದು ಅಂತ ಓದಿದ್ದೆ. ಇವರ ಮೊಬೈಲಲ್ಲಿ ಮಾತ್ರ ಯಾಕೆ ಆಗುತ್ತಿಲ್ಲ?
— ಹೆಸರು ಬೇಡ, ಬೈಂದೂರು

ಉತ್ತರ: ತಂಗಿ, ನೀವು ಓದಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಓದಿದ್ದೀರಿ. ಅಥವಾ ಬರೆದವರೇ ಅರ್ಧ ಬರೆದಿರಬೇಕು.

2021ರ ಮಾರ್ಚ್ 14ರಿಂದ ಸೌದಿಯಲ್ಲಿ ಖಾಸಗಿ ಕಂಪನಿಗಳ ನೌಕರರು ಅಬ್ಶರ್, ಕಿವಾ ಎಂಬ ಸರ್ಕಾರಿ ಆ್ಯಪ್‌ಗಳಲ್ಲಿ ತಾವೇ ಅರ್ಜಿ ಹಾಕಬಹುದು. ರಜೆಗೆ ಹೋಗಿ ಬರಲೂ ಆಗುತ್ತದೆ, ಕೆಲಸ ಬಿಟ್ಟು ಒಂದೇ ಸಲ ಹೊರಟುಬರಲೂ ಆಗುತ್ತದೆ. ಮಾಲೀಕನ ಒಪ್ಪಿಗೆ ಬೇಕಿಲ್ಲ. ಆದರೆ ಆ ಸುಧಾರಣೆ ಐದು ಬಗೆಯ ಕೆಲಸದವರನ್ನು ಹೊರಗೇ ಬಿಟ್ಟಿತು. ಮನೆ ಡ್ರೈವರ್, ಮನೆಕೆಲಸದವರು, ಮನೆಯ ಕಾವಲುಗಾರ, ತೋಟದ ಕೆಲಸದವ, ಕುರಿ ಕಾಯುವವ. ಇವರು ಅಲ್ಲಿನ ಕಾರ್ಮಿಕ ಕಾನೂನಿನ ಒಳಗೇ ಬರುವುದಿಲ್ಲ, ಇವರಿಗೆ ಬೇರೆ ನಿಯಮ. ಹಾಗಾಗಿ ಒಂದೇ ರಸ್ತೆಯಲ್ಲಿ ಹೋಗುವ ಎರಡು ಗಾಡಿಗಳಲ್ಲಿ ಕಂಪನಿ ವ್ಯಾನಿನವನು ತಾನಾಗಿ ಹೊರಡಬಹುದು. ಪಕ್ಕದ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ನಿಮ್ಮ ಯಜಮಾನರು ಕಫೀಲನ ಮುಖ ನೋಡಬೇಕು. ನ್ಯಾಯವಾ ಅಂತ ಕೇಳಿದರೆ, ಅಲ್ಲ.

ಅವರ ಇಕಾಮಾ, ಅಂದರೆ ಅಲ್ಲಿ ಇರಲು ಕೊಟ್ಟ ಗುರುತಿನ ಚೀಟಿ, ತೆಗೆದು ನೋಡಲು ಹೇಳಿ. ವೃತ್ತಿ ಅನ್ನುವ ಕಡೆ ಅರಬಿಯಲ್ಲಿ ‘ಸಾಯಿಕ್ ಖಾಸ್’ ಅಂತ ಇದ್ದರೆ ಅದೇ ಮನೆ ಡ್ರೈವರ್. ಅವರ ರಜೆಯ ಕಾಗದ ಹುಟ್ಟುವುದು ಕಫೀಲನ ಅಬ್ಶರ್‌ನಲ್ಲಿ, ಇವರದರಲ್ಲಿ ಅಲ್ಲ. ಇದು ಮೊಬೈಲಿನ ದೋಷವಲ್ಲ. ಅಂಗಡಿಗೆ ಕೊಟ್ಟು ರಿಪೇರಿ ಮಾಡಿಸಬೇಡಿ. (ನಗಬೇಡಿ, ಹಾಗೆ ಮಾಡಿಸಿದವರನ್ನು ಕಂಡಿದ್ದೇನೆ.)

ಈ ಸಹಿಯ ಸಂಕಟ ನನಗೆ ಹೊಸದಲ್ಲ. ಸೌದಿಯ ಜುಬೈಲ್‌ನಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ನನ್ನ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಕಪಾಟು. ಅದರಲ್ಲಿ ನೂರಾರು ಪಾಸ್‌ಪೋರ್ಟು, ಹತ್ತತ್ತಕ್ಕೆ ಒಂದು ರಬ್ಬರ್ ಬ್ಯಾಂಡ್. ರಜೆಗೆ ಹೋಗುವವನು ಇಕಾಮಾ ಕೊಟ್ಟು ಪಾಸ್‌ಪೋರ್ಟ್ ತಗೊಳ್ಳಬೇಕು. ಬಂದ ಮೇಲೆ ಪಾಸ್‌ಪೋರ್ಟ್ ಕೊಟ್ಟು ಇಕಾಮಾ ತಗೊಳ್ಳಬೇಕು. 1994ರ ಜುಲೈನಲ್ಲಿ ಅಪ್ಪ ಹೋದರು ಅಂತ ಊರಿಂದ ಆಫೀಸಿಗೇ ಫೋನ್ ಬಂತು. ಕಫೀಲ್ ಬೇಸಿಗೆ ಕಳೆಯಲು ಯುರೋಪಿಗೆ ಹೋಗಿದ್ದ. ಸಹಿ ಹಾಕುವ ಅಧಿಕಾರ ಇದ್ದ ಅವನ ತಮ್ಮ ದೂರದ ಅಭಾ ಊರಲ್ಲಿದ್ದ. ಕಪಾಟಿನ ಬೀಗದ ಕೈ ನನ್ನ ಜೇಬಲ್ಲೇ ಇತ್ತು. ನನ್ನ ಪಾಸ್‌ಪೋರ್ಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂರಬಹುದಿತ್ತು, ಕೂತೆ ಕೂಡ. ಹೊರಡೋಕೆ ಆಗಲಿಲ್ಲ. ಆರು ದಿನ ಕಳೆದು ಸಹಿ ಬಂತು. ಆಗ ಇನ್ನೂ ದಹರಾನ್ ವಿಮಾನ ನಿಲ್ದಾಣ. ಅಲ್ಲಿಂದ ಬಾಂಬೆ, ಬಾಂಬೆಯಿಂದ ಬಸ್ಸು, ಕೊಂಕಣ ರೈಲು ಇಲ್ಲದ ಕಾಲ. ಕುಂದಾಪುರದಲ್ಲಿ ಇಳಿದಾಗ ಒಂಬತ್ತನೇ ದಿನದ ಸಂಜೆ. ಅಪ್ಪನನ್ನು ಸುಟ್ಟ ಜಾಗದಲ್ಲಿ ಮಳೆನೀರು ನಿಂತಿತ್ತು.

ವಾಪಸ್ ಹೋದ ಮೇಲೆ ಅದೇ ಕುರ್ಚಿಯಲ್ಲಿ ಕೂತು ಬೇರೆಯವರಿಗೆ ‘ಮುದೀರ್ ಇಲ್ಲ, ಬುಕ್ರಾ ಬಾ’ (ಮ್ಯಾನೇಜರ್ ಇಲ್ಲ, ನಾಳೆ ಬಾ) ಅಂದವನೂ ನಾನೇ. ಅದನ್ನೂ ಹೇಳಿಬಿಡಬೇಕು.

ಸರಿ, ಈಗ ನಿಮ್ಮ ಕೆಲಸ. ಸಂಬಳ ಸರಿಯಾಗಿ ಕೊಡುತ್ತಿದ್ದಾನೆ ಅಂದರೆ ಕಫೀಲ್ ಕೆಟ್ಟವನೇ ಅಂತ ತೀರ್ಮಾನ ಮಾಡಬೇಡಿ. ಅವನಿಗೆ ಭಯ. ವೀಸಾಕ್ಕೆ, ಏಜೆನ್ಸಿಗೆ ದುಡ್ಡು ಸುರಿದು ಕರೆಸಿಕೊಂಡ ಡ್ರೈವರ್ ರಜೆಗೆ ಅಂತ ಹೋಗಿ ಬಾರದೇ ಇದ್ದರೆ? ಹಾಗೆ ಮಾಡಿದವರು ನಮ್ಮ ಕಡೆಯವರೇ ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು. ಜೊತೆಗೆ ಒಂದು ತಿಂಗಳು ಮಕ್ಕಳನ್ನು ಶಾಲೆಗೆ ಬಿಡುವವರು ಯಾರು ಅನ್ನೋ ಚಿಂತೆ. ಈ ಎರಡಕ್ಕೂ ನಿಮ್ಮ ಯಜಮಾನರೇ ಉತ್ತರ ಹಿಡಿದುಕೊಂಡು ಹೋಗಲಿ. ‘ರಜೆ ಬೇಕು’ ಅಂತ ಸುಮ್ನೆ ಕೇಳೋದಲ್ಲ. ಶಾಲೆಗೆ ರಜೆ ಇರುವ ವಾರಗಳನ್ನು ನೋಡಿ, ಇಂಥ ತಾರೀಕಿಗೆ ಹೋಗಿ ಇಂಥ ತಾರೀಕಿಗೆ ಬರ್ತೇನೆ ಅನ್ನಲಿ. ಅತ್ತೆಯ ಆಸ್ಪತ್ರೆ ಚೀಟಿ ಮೊಬೈಲಲ್ಲಿ ತೋರಿಸಲಿ. ಮನೆಯ ಯಜಮಾನಿ ಅಥವಾ ಹಿರಿಯ ಅಮ್ಮ ಇದ್ದರೆ ಅವರ ಕಿವಿಗೆ ಹಾಕಲಿ. ಕಫೀಲನ ಆಫೀಸಿನಲ್ಲಿ ಆಗದ ಕೆಲಸ ಅವನ ತಾಯಿಯ ಹತ್ತಿರ ಆಗಿದ್ದನ್ನು ನಾನು ನೋಡಿದ್ದೇನೆ.

ಒಪ್ಪಿದ ಮೇಲೆ ಕಾಗದ ದೊಡ್ಡದಲ್ಲ. ಎರಡು ತಿಂಗಳೊಳಗೆ ಹೋಗಿ ಬರುವುದಕ್ಕೆ 200 ರಿಯಾಲ್ ಶುಲ್ಕ, ಮೇಲಿನ ಪ್ರತಿ ತಿಂಗಳಿಗೆ 100. ಆದರೆ ಇಕಾಮಾ ಅವಧಿ ಬಾಕಿ ಇರಬೇಕು. ಇನ್ನೊಂದು ವಿಷಯ ಡ್ರೈವರುಗಳು ಮರೆಯುತ್ತಾರೆ. ಕ್ಯಾಮೆರಾ ಹಿಡಿದ ಟ್ರಾಫಿಕ್ ದಂಡ ಅವರ ಇಕಾಮಾ ನಂಬರಿಗೆ ಬಾಕಿ ಇದ್ದರೆ ವೀಸಾ ಹೊರಡುವುದಿಲ್ಲ. ಕಫೀಲ್ ‘ಹೊಡೆದೆ, ಆಗ್ತಿಲ್ಲ’ ಅಂದಾಗ ಇವರು ಅದನ್ನು ನೆಪ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ನೆಪ ಅಲ್ಲ, ದಂಡ.

ಯಜಮಾನರಿಗೆ ವಾಪಸ್ ಹೋಗುವ ಮನಸ್ಸೇ ಇಲ್ಲದಿದ್ದರೆ ಕೇಳಬೇಕಾದ್ದು ರಜೆ ಅಲ್ಲ, ‘ಖುರೂಜ್ ನಿಹಾಯಿ’, ಅಂದರೆ ಫೈನಲ್ ಎಕ್ಸಿಟ್. ಅದು ಬಿದ್ದ ಮೇಲೆ 60 ದಿನದೊಳಗೆ ದೇಶ ಬಿಡಬೇಕು. ಯಾವುದು ಬೇಕು ಅಂತ ಗಂಡ ಹೆಂಡತಿ ಮೊದಲು ನೀವೇ ಮಾತಾಡಿಕೊಳ್ಳಿ.

ಮಾತಿಗೆ ಬಗ್ಗದಿದ್ದರೆ ರಿಯಾದ್‌ನ ನಮ್ಮ ರಾಯಭಾರ ಕಚೇರಿ ಇದೆ. ನೀವು ಬೈಂದೂರಿನಲ್ಲಿ ಕೂತೇ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಹೆಂಡತಿ ಹಾಕಿದರೂ ನಡೆಯುತ್ತದೆ. ಪಾಸ್‌ಪೋರ್ಟ್ ನಂಬರ್, ಇಕಾಮಾ ನಂಬರ್, ಕಫೀಲನ ಹೆಸರು, ಅವನ ಫೋನ್, ಮನೆ ಇರುವ ಬಡಾವಣೆ, ಇಷ್ಟು ಕೈಯಲ್ಲಿರಲಿ. ಪಾಸ್‌ಪೋರ್ಟ್ ಕಫೀಲನ ಹತ್ತಿರ ಇದ್ದರೆ ಅದನ್ನೂ ಬರೆಯಿರಿ. ಕೆಲಸದವರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಲ್ಲೂ ನಿಯಮಕ್ಕೆ ವಿರುದ್ಧ.

ಒಂದು ಮಾತ್ರ ಬೇಡ. ಸಿಟ್ಟು ಮಾಡಿಕೊಂಡು ಮನೆ ಬಿಟ್ಟು ಯಾರದೋ ರೂಮಿಗೆ ಹೋಗಿ ಕೂರಬಾರದು. ಕಫೀಲ್ ‘ಹುರೂಬ್’ ಹಾಕಿಬಿಡುತ್ತಾನೆ, ಓಡಿಹೋದ ಅಂತ ದೂರು. ಆಮೇಲೆ ಈ ರಜೆ ದಾರಿಯೂ ಆ ಎಕ್ಸಿಟ್ ದಾರಿಯೂ ಕಷ್ಟವಾಗಿ, ಕೊನೆಗೆ ತರ್ಹೀಲ್, ಅಂದರೆ ಗಡೀಪಾರು ಕೇಂದ್ರ, ಕಾಣಬೇಕಾದೀತು. ಅಲ್ಲಿ ಬೆರಳಚ್ಚು ಕೊಟ್ಟು ಬಂದವನು ಮತ್ತೆ ಸೌದಿ ಕೆಲಸದ ಆಸೆ ಬಿಡಬೇಕು. ‘ನಾನು ಎಕ್ಸಿಟ್ ಹೊಡೆಸಿ ಕೊಡ್ತೇನೆ, ಇಷ್ಟು ರಿಯಾಲ್ ಕೊಡು’ ಅನ್ನುವವರನ್ನು ಅಂತೂ ಬಾಗಿಲಿಂದಲೇ ಕಳಿಸಿ.

ಪ್ರಶ್ನೆ: ಸರ್, ನಾನು ಕುವೈತ್‌ನ ಫರ್ವಾನಿಯಾದಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುವವನು, 18 ನಂಬರ್ ವೀಸಾ. ನಮ್ಮ ರೂಮಿನ ಒಬ್ಬ ಮನೆ ಡ್ರೈವರ್, 20 ನಂಬರ್. ಅವನಿಗೆ ಎಕ್ಸಿಟ್ ಪರ್ಮಿಟ್ ಬೇಡವಂತೆ, ನನಗೆ ಬೇಕಂತೆ. ಇದು ಉಲ್ಟಾ ಅಲ್ವಾ? ತಂಗಿ ಮದುವೆಗೆ ಮಂಗಳೂರಿಗೆ ಟಿಕೆಟ್ ಆಗಿದೆ. ಕಂಪನಿ ಸತಾಯಿಸಿದರೆ?
— ಭಟ್ಕಳದ ಓದುಗ

ಉತ್ತರ: ಉಲ್ಟಾನೇ ತಮ್ಮಾ. ಮೇಲಿನ ಪತ್ರ ಓದಿದರೆ ಇನ್ನೂ ಉಲ್ಟಾ ಕಾಣುತ್ತದೆ. ಸೌದಿಯಲ್ಲಿ ಕಂಪನಿಯವನಿಗೆ ಬಾಗಿಲು ತೆರೆದಿದೆ, ಮನೆ ಡ್ರೈವರಿಗೆ ಬೀಗ. ಕುವೈತ್‌ನಲ್ಲಿ 2025ರ ಜುಲೈ 1ರಿಂದ ಖಾಸಗಿ ಕಂಪನಿಯ 18ನೇ ಕಲಮಿನವರಿಗೆ ಬೀಗ, ಮನೆಕೆಲಸದ 20ನೇ ಕಲಮಿನವರಿಗೆ ಅದು ಇಲ್ಲ. ಅಕ್ಕಪಕ್ಕದ ದೇಶಗಳು ಒಂದೊಂದಾಗಿ ಕಿತ್ತುಹಾಕುತ್ತಿದ್ದ ನಿಯಮವನ್ನು ಇವರು ಹೊಸದಾಗಿ ತಂದರು. ಹೇಳದೇ ಕೇಳದೇ ದೇಶ ಬಿಟ್ಟು ಹೋಗುವುದನ್ನು ತಡೆಯಲು ಅಂತ ಅವರ ವಾದ. ಹಾಗೆ ಹೋಗುವವರು ಇದ್ದಾರೆ ನಿಜ. ಅದಕ್ಕೆ ಎಲ್ಲರೂ ಕ್ಯೂ ನಿಲ್ಲಬೇಕಾ ಅಂತ ನನ್ನ ಪ್ರಶ್ನೆ.

ಸದ್ಯಕ್ಕೆ ಕ್ಯೂ ಮೊಬೈಲಲ್ಲಿ ಇದೆ, ಅಷ್ಟು ಪುಣ್ಯ. ನೀವು ಕುವೈತ್ ಸರ್ಕಾರದ ಸಹಲ್ ಆ್ಯಪ್‌ನಲ್ಲಿ ಹೋಗುವ ತಾರೀಕು, ವಿಮಾನವೋ ರಸ್ತೆಯೋ ಅಂತ ತುಂಬಿ ಕಳಿಸಬೇಕು. ಕಂಪನಿಯವರು ತಮ್ಮ ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತಬೇಕು. ಒತ್ತುವವನು ಯಾರು ಅಂತ ಇವತ್ತೇ ತಿಳಿದುಕೊಳ್ಳಿ. ಸಣ್ಣ ಅಂಗಡಿಗಳಲ್ಲಿ ಮಾಲೀಕನ ಪಾಸ್‌ವರ್ಡ್ ಮಂದೂಬ್ (ಸರ್ಕಾರಿ ಕಾಗದಪತ್ರಕ್ಕೆ ಓಡಾಡುವವನು) ಹತ್ತಿರ ಇರುತ್ತದೆ, ಆ ಮಂದೂಬ್ ನಾಲ್ಕು ಅಂಗಡಿ ನೋಡಿಕೊಳ್ಳುತ್ತಾನೆ. ಸತಾಯಿಸುವುದಕ್ಕಿಂತ ಮರೆಯುವುದೇ ಜಾಸ್ತಿ. ರಜೆ ಮಂಜೂರಾದ ಕಾಗದ ಅಥವಾ ವಾಟ್ಸ್ಆ್ಯಪ್ ಸಂದೇಶ ಉಳಿಸಿಕೊಳ್ಳಿ. ಕಾರಣ ಇಲ್ಲದೆ ತಡೆದರೆ ಮ್ಯಾನ್‌ಪವರ್ ಕಚೇರಿಯ ಕಾರ್ಮಿಕ ಸಂಬಂಧ ವಿಭಾಗಕ್ಕೆ ದೂರು ಕೊಡುವಾಗ ಅದೇ ಬೇಕಾಗುವುದು. ಒಪ್ಪಿಗೆ ಬಂದದ್ದನ್ನು ಕಣ್ಣಾರೆ ನೋಡದೆ ಬ್ಯಾಗು ಕಟ್ಟಿಕೊಂಡು ಏರ್‌ಪೋರ್ಟಿಗೆ ಹೋಗಬೇಡಿ. ತಂಗಿಗೆ ನನ್ನ ಶುಭಾಶಯ.

ಪ್ರಶ್ನೆ: ದುಬೈಯಲ್ಲೂ ಇಂಥದ್ದು ಇದೆಯಾ?
— ಶಿರಸಿಯಿಂದ ಒಬ್ಬರು

ಉತ್ತರ: ಇಲ್ಲ. ಆದರೆ ಬ್ಯಾಂಕ್ ಸಾಲ ತೀರಿಸದೆ ಕೋರ್ಟು ಪ್ರಯಾಣ ತಡೆ ಹಾಕಿದ್ದರೆ ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ಅದಕ್ಕೂ ಮಾಲೀಕನ ಒಪ್ಪಿಗೆಗೂ ಸಂಬಂಧ ಇಲ್ಲ.

ಪ್ರಶ್ನೆ: ದೋಹಾದಲ್ಲಿ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ ಇದೆ ಅಂತ ಏಜೆಂಟ್ ಹೇಳುತ್ತಿದ್ದಾನೆ. ಕತಾರ್‌ನಲ್ಲಿ ಈಗ ಎಕ್ಸಿಟ್ ಕೇಳುವ ಹಾಗೇ ಇಲ್ಲ, ಯಾವಾಗ ಬೇಕಾದರೂ ಬರಬಹುದು ಅಂತಾನೆ. ನನಗೆ 27 ವರ್ಷ, ಎಂಟನೇ ಕ್ಲಾಸ್ ಓದಿದ್ದೇನೆ. ನಂಬಬಹುದಾ?
— ಪುತ್ತೂರಿನ ಓದುಗಿ

ಉತ್ತರ: ಎಕ್ಸಿಟ್ ವಿಷಯದಲ್ಲಿ ಅವನು ಹೆಚ್ಚುಕಮ್ಮಿ ನಿಜವನ್ನೇ ಹೇಳಿದ್ದಾನೆ. ಕತಾರ್ 2018ರ ಅಕ್ಟೋಬರ್‌ನಲ್ಲಿ ಹೆಚ್ಚಿನ ಕಂಪನಿ ನೌಕರರಿಗೆ ಇದನ್ನು ತೆಗೆಯಿತು. 2020ರ ಜನವರಿಯಲ್ಲಿ ಮನೆಕೆಲಸದವರಿಗೂ ತೆಗೆಯಿತು. ಅದಕ್ಕೂ ಮೊದಲು ಫ್ರಾನ್ಸಿನ ಒಬ್ಬ ಫುಟ್ಬಾಲ್ ಆಟಗಾರ, ಝಹೀರ್ ಬೆಲೂನಿಸ್, ಈ ಪರ್ಮಿಟ್ ಸಿಗದೆ ಹೆಂಡತಿ ಮಕ್ಕಳ ಜೊತೆ ಅಲ್ಲೇ ಸಿಕ್ಕಿಬಿದ್ದು 2013ರ ಕೊನೆಗೆ ಹೊರಬಂದ. ಲೋಕಕ್ಕೆಲ್ಲ ಗೊತ್ತಾದ ಸುದ್ದಿ ಅದು. ಈಗ ಮನೆಕೆಲಸದವರು ಹೊರಡುವುದಕ್ಕೆ 72 ಗಂಟೆ ಮೊದಲು ಮನೆಯವರಿಗೆ ತಿಳಿಸಬೇಕು. ಒಪ್ಪಿಗೆ ಕೇಳುವುದಲ್ಲ, ತಿಳಿಸುವುದು. ‘ಯಾವಾಗ ಬೇಕಾದರೂ’ ಅಂದಿದ್ದಾನಲ್ಲ, ಆ ಮಾತಿಗೆ ಮೂರು ದಿನ ಸೇರಿಸಿಕೊಳ್ಳಿ.

ಆದರೆ ಅವನು ಹೇಳದೇ ಇದ್ದದ್ದು ಬೇರೆ ಇದೆ. ಹತ್ತನೇ ಕ್ಲಾಸ್ ಆಗದ ನಿಮ್ಮ ಪಾಸ್‌ಪೋರ್ಟ್ ಇಸಿಆರ್ ಆಗಿರುತ್ತದೆ, ಅಂದರೆ ಕೆಲಸಕ್ಕೆ ಹೊರಡುವ ಮೊದಲು ನಮ್ಮ ಸರ್ಕಾರದ ಅನುಮತಿ ಬೇಕಾದ ಬಗೆ. ಆ ಪಾಸ್‌ಪೋರ್ಟಿನ ಹೆಣ್ಣುಮಕ್ಕಳಿಗೆ 30 ತುಂಬದೆ ಮನೆಕೆಲಸಕ್ಕೆ ಗಲ್ಫಿಗೆ ಹೋಗಲು ನಮ್ಮ ಸರ್ಕಾರವೇ ಬಿಡುವುದಿಲ್ಲ. ಹಾಗಾದರೆ ಏಜೆಂಟ್ ಹೇಗೆ ಕಳಿಸುತ್ತಾನೆ? ವಿಸಿಟ್ ವೀಸಾದಲ್ಲಿ, ಇಲ್ಲವೇ ಬೇರೆ ದೇಶ ಸುತ್ತಿಸಿ. ಹಾಗೆ ಹೋದವರ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹೋಗಬೇಡಿ ತಂಗಿ.

ಪ್ರಶ್ನೆ: ಮಗನಿಗೆ ಸೌದಿಯ ಹಾಯಿಲ್‌ನಲ್ಲಿ ಸೂಪರ್ ಮಾರ್ಕೆಟ್ ಸೇಲ್ಸ್‌ಮನ್ ಕೆಲಸ ಸಿಕ್ಕಿದೆ. ಪಿಯುಸಿ ಆಗಿದೆ, ಕಂಪ್ಯೂಟರ್ ಬರುತ್ತದೆ. ಏಜೆಂಟರಿಗೆ ಮುಂಗಡ ಕೊಟ್ಟಿದ್ದೇವೆ, ಬಾಕಿ ಟಿಕೆಟ್ ದಿನ. ಕಂಪನಿ ಕೆಲಸವಾದ್ದರಿಂದ ರಜೆಗೆ ಬರಲು ತೊಂದರೆ ಇಲ್ಲ ಅಂದಿದ್ದಾರೆ. ವೀಸಾದ ಪ್ರತಿ ಜೊತೆಗಿಟ್ಟಿದ್ದೇನೆ, ಎಲ್ಲ ಸರಿ ಇದೆಯಾ ನೋಡಿ.
— ಒಬ್ಬ ತಂದೆ, ಮೂಡಿಗೆರೆ

ಉತ್ತರ: ನೋಡಿದೆ. ಹೆಸರು, ಪಾಸ್‌ಪೋರ್ಟ್ ನಂಬರ್ ಸರಿ ಇವೆ. ವೀಸಾ ಕೊಟ್ಟಿರುವುದು ಕಂಪನಿ ಅಲ್ಲ, ಒಬ್ಬ ವ್ಯಕ್ತಿ. ವೃತ್ತಿ ಅನ್ನುವ ಜಾಗದಲ್ಲಿ ಅರಬಿಯಲ್ಲಿ ಎರಡೇ ಪದ ಇದೆ, ‘ರಾಯಿ ಘನಮ್’. ಅಂದರೆ ಕುರಿ ಕಾಯುವವನು. ಬಾಕಿ ದುಡ್ಡು ಕೊಡಬೇಡಿ. ಮುಂಗಡ ಕೊಟ್ಟದ್ದಕ್ಕೆ ರಸೀದಿ ಇದ್ದರೆ ಅದನ್ನು ಹಿಡಿದು ನಾಳೆಯೇ ಪೊಲೀಸ್ ಠಾಣೆಗೆ ಹೋಗಿ.