ಗಾಜಿನೊಳಗಿನ ಪಿಟೀಲನ್ನು ಯಾಕೆ ನುಡಿಸಲ್ಲ?

ಪ್ರಶ್ನೆ: ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ಸ್ಟ್ರಾಡಿವಾರಿ ಮಾಡಿದ 'ಮೆಸ್ಸಯ್ಯ' ಪಿಟೀಲು ನೋಡಿ ಬಂದೆ. ಸುಮ್ನೆ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ್ದಾರೆ. ನುಡಿಸದೆ ಇಟ್ಟರೆ ಪಿಟೀಲಿನ ನಾದ ಸತ್ತುಹೋಗುತ್ತದೆ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಹಾಗಾದರೆ ಇದು ಅನ್ಯಾಯ ಅಲ್ವಾ?

ಉತ್ತರ: ವಾದ್ಯ ನುಡಿಸುವವರೆಲ್ಲ ಕೇಳುವ ಪ್ರಶ್ನೆ ಇದು. ಮೇಷ್ಟ್ರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಬಹಳ ದಿನ ಸುಮ್ಮನಿದ್ದ ಪಿಟೀಲು ಕೈಗೆ ಬಂದಾಗ ಮಂಕಾಗಿ ಕೇಳಿಸುತ್ತದೆ ಅಂತ ಕಲಾವಿದರು ಹೇಳುತ್ತಾರೆ. ಆದರೆ ಇಲ್ಲಿ ಇನ್ನೊಂದು ಮಗ್ಗುಲಿದೆ. ನೀವು ನೋಡಿದ ಪಿಟೀಲು 1716ರದು. ಅದು ನಿನ್ನೆ ಮೊನ್ನೆ ಮಾಡಿದ ಹಾಗೆ ಕಾಣುವುದಕ್ಕೆ ಕಾರಣವೇ ಅದನ್ನು ಹೆಚ್ಚು ನುಡಿಸದೆ ಇದ್ದದ್ದು. ಸ್ಟ್ರಾಡಿವಾರಿ ಅದನ್ನು ಮಾರಲೇ ಇಲ್ಲ, 1737ರಲ್ಲಿ ಸಾಯುವವರೆಗೂ ತನ್ನ ಕಾರ್ಖಾನೆಯಲ್ಲೇ ಇಟ್ಟುಕೊಂಡಿದ್ದ. ಆಮೇಲೂ ಸಂಗ್ರಹಕಾರರು, ವ್ಯಾಪಾರಿಗಳ ಕೈಯಲ್ಲೇ ಓಡಾಡಿತು. ಹಾಗಾಗಿ ಅಂಚುಗಳು ಇನ್ನೂ ಚೂಪಾಗಿವೆ. ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ವಾರ್ನಿಷ್ ಗದ್ದ ತಾಗಿ, ಬೆವರು ತಾಗಿ ಸವೆದಿಲ್ಲ.

ಒಂದು ಸಣ್ಣ ತಿದ್ದುಪಡಿ. ಇದನ್ನೂ ಯಾರೂ ಮುಟ್ಟಿಲ್ಲ ಅಂದುಕೊಳ್ಳಬೇಡಿ. 19ನೇ ಶತಮಾನದಲ್ಲಿ ಪ್ಯಾರಿಸ್‌ನ ಪಿಟೀಲು ತಯಾರಕ ವೀಯೋಮ್ ಇದರ ಕತ್ತನ್ನು ಉದ್ದ ಮಾಡಿಸಿದ, ಬಿರಡೆಗಳನ್ನು ಬದಲಿಸಿದ. ಆ ಕಾಲದ ರೂಢಿಯೇ ಅದು. ದೊಡ್ಡ ಸಭಾಂಗಣಕ್ಕೆ ಜೋರು ದನಿ ಬೇಕಿತ್ತು. ಅದಕ್ಕೆ ಹಳೆಯ ಪಿಟೀಲುಗಳ ಕತ್ತು ಬಿಚ್ಚಿ, ಉದ್ದ ಮಾಡಿ, ಹಿಂದಕ್ಕೆ ವಾಲಿಸಿ ಕೂರಿಸಿದರು. ಮೇಲಿನ ಹಲಗೆಗೆ ಒಳಗಿನಿಂದ ಆಸರೆ ಕೊಡುವ ಮರದ ಪಟ್ಟಿಯನ್ನೂ ದಪ್ಪಗೆ ಮಾಡಿದರು. ಇವತ್ತು ಕಛೇರಿಯಲ್ಲಿ ನೀವು ಕೇಳುವ 'ಸ್ಟ್ರಾಡಿವಾರಿ ನಾದ' ಬಹುಪಾಲು ಈ ರಿಪೇರಿ ಆದ ಮೇಲಿನದು. ಸ್ಟ್ರಾಡಿವಾರಿಯೇ ಎದ್ದು ಬಂದು ಕೇಳಿದರೆ ತನ್ನದು ಅಂತ ಗುರುತು ಹಿಡಿಯುತ್ತಾನೋ ಇಲ್ಲವೋ!

ನಾದ ಉಳಿಸುವ ಕೆಲಸಕ್ಕೂ ವಸ್ತು ಉಳಿಸುವ ಕೆಲಸಕ್ಕೂ ಜಗಳ ಇರುವುದು ಇಲ್ಲೇ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನ ಪಿಯಾನೊ ನೋಡಿ. ಪಿಯಾನೊ ಕಂಡುಹಿಡಿದ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ 1720ರಲ್ಲಿ ಮಾಡಿದ್ದು. ಉಳಿದಿರುವ ಪಿಯಾನೊಗಳಲ್ಲಿ ಅತ್ಯಂತ ಹಳೆಯದು. ಅವನು ಮಾಡಿದವುಗಳಲ್ಲಿ ಈಗ ಮೂರೇ ಇವೆ, ಇನ್ನೆರಡು ರೋಮ್ ಮತ್ತು ಲೈಪ್‌ಜಿಗ್‌ನಲ್ಲಿ. ನ್ಯೂಯಾರ್ಕಿನದನ್ನು ನುಡಿಸಬಹುದು, ಅದರ ಧ್ವನಿಮುದ್ರಣವೂ ಆಗಿದೆ. ಆದರೆ ಅದಕ್ಕೆ ತೆತ್ತ ಬೆಲೆ ಏನು ಗೊತ್ತಾ? 1938ರಲ್ಲಿ ಅದರ ಸೌಂಡ್‌ಬೋರ್ಡನ್ನೇ ತೆಗೆದು ಹೊಸದು ಹಾಕಿದರು. ಪಿಯಾನೊದ ದನಿಗೆ ದೇಹ ಕೊಡುವುದೇ ಆ ಹಲಗೆ. ಕ್ರಿಸ್ಟೊಫೊರಿ ಅದನ್ನು ಎಲ್ಲೆಲ್ಲಿ ಎಷ್ಟು ತೆಳ್ಳಗೆ ಹೆರೆದಿದ್ದ ಅಂತ ಆ ವಾದ್ಯದಿಂದ ಇನ್ನು ಅಳೆದು ತಿಳಿಯುವ ಹಾಗಿಲ್ಲ. ಕಿವಿಗೆ ಸಿಕ್ಕಿತು, ಸಾಕ್ಷಿ ಹೋಯಿತು.

ನುಡಿಸಬೇಕಾದರೆ ತಂತಿ ಬಿಗಿಯಬೇಕು, ಅದು ಸಣ್ಣ ಕೆಲಸ ಅಲ್ಲ. ಇವತ್ತಿನ ದೊಡ್ಡ ಕಛೇರಿ ಪಿಯಾನೊದಲ್ಲಿ ಎಲ್ಲ ತಂತಿಗಳ ಎಳೆತ ಸೇರಿದರೆ ಸುಮಾರು 20 ಟನ್. ಅದನ್ನು ತಡೆಯಲು ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇದೆ. ಹಳೆಯ ವಾದ್ಯಗಳಲ್ಲಿ ಎಳೆತ ಎಷ್ಟೋ ಕಡಿಮೆ, ಆದರೆ ತಡೆಯುವುದಕ್ಕೆ ಬರೀ ಮರ. 300 ವರ್ಷದ ಅಂಟು, ಹುಳ ಕೊರೆದ ಹಲಗೆ. ಊದುವ ವಾದ್ಯಗಳದು ಇನ್ನೊಂದು ಕಷ್ಟ. ಒಣಗಿದ ಮರದ ಕೊಳವೆಗೆ ಬೆಚ್ಚಗಿನ ಒದ್ದೆ ಉಸಿರು ಹೋದರೆ ಒಳಗಡೆ ಹಿಗ್ಗುತ್ತದೆ, ಹೊರಗಡೆ ಹಾಗೇ ಇರುತ್ತದೆ. ಟಪ್ ಅಂತ ಸೀಳು. 2022ರಲ್ಲಿ ಗಾಯಕಿ ಲಿಜ್ಜೊ 1813ರ ಕೊಳಲೊಂದನ್ನು ವೇದಿಕೆಯಲ್ಲಿ ಊದಿದ್ದು ನೆನಪಿದೆಯಾ? ಅದನ್ನು ಇಟ್ಟುಕೊಂಡಿರುವ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದಕ್ಕೆ ಒಪ್ಪಿಕೊಂಡಿತು. ಆ ಕೊಳಲು ಮರದ್ದಲ್ಲ, ಸ್ಫಟಿಕ ಗಾಜಿನದು. ಉಸಿರಿಗೆ ಹಿಗ್ಗುವ ಭಯ ಇಲ್ಲ.

ಎಲ್ಲರೂ ಬೀಗ ಹಾಕಿಲ್ಲ ಅನ್ನುವುದನ್ನೂ ಹೇಳಬೇಕು. ಇಟಲಿಯ ಹೆಸರಾಂತ ಪಿಟೀಲುವಾದಕ ಪಗನಿನಿ ತನ್ನ ಪಿಟೀಲನ್ನು ಜಿನೋವಾ ನಗರಕ್ಕೆ ಬಿಟ್ಟುಹೋದ. ಗ್ವಾರ್ನೇರಿ ಎಂಬ ತಯಾರಕ 1743ರಲ್ಲಿ ಮಾಡಿದ್ದು ಅದು, ಹೆಸರು 'ಕನ್ನೋನೆ', ಅಂದರೆ ಫಿರಂಗಿ. ಅವನ ಹೆಸರಿನ ಸ್ಪರ್ಧೆ ಗೆದ್ದವರಿಗೆ ಅದನ್ನು ನುಡಿಸುವ ಅವಕಾಶ ಸಿಗುತ್ತದೆ. ನನಗೆ ಇದು ಸರಿ ಅನ್ನಿಸುತ್ತದೆ. ಅದು ನುಡಿಸಿ ನುಡಿಸಿಯೇ ಹೆಸರಾದ ಪಿಟೀಲು. ಮೆಸ್ಸಯ್ಯ ನುಡಿಸದೆ ಹೆಸರಾದದ್ದು. ಎರಡಕ್ಕೂ ಒಂದೇ ಕಾನೂನು ಬೇಡ.

ಪ್ರಶ್ನೆ: ಮುಟ್ಟಿ ನುಡಿಸಲು ಜನರಿಗೆ ಬಿಟ್ಟರೆ ಏನಾಗುತ್ತದೆ? ಸ್ವಲ್ಪ ಹೊತ್ತು ತಾನೇ?

ಉತ್ತರ: ಅದನ್ನೂ ಮಾಡಿ ನೋಡಿದ್ದಾರೆ. ಟಿಪ್ಪುವಿನ ಹುಲಿ ಗೊತ್ತಲ್ಲ, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನೋಡಲು ಬಿಳಿಯನೊಬ್ಬನ ಮೇಲೆ ಎರಗಿದ ಹುಲಿಯ ಗೊಂಬೆ, ಹೊಟ್ಟೆಯೊಳಗೆ ಆರ್ಗನ್. ಹಿಡಿ ತಿರುಗಿಸಿದರೆ ತಿದಿ ಗಾಳಿ ಊದಿ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದ ಇದನ್ನು 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನರಿಗೆ ತೋರಿಸಿದರು. ಬಂದವರೆಲ್ಲ ಹಿಡಿ ತಿರುಗಿಸಿದ್ದೇ ತಿರುಗಿಸಿದ್ದು. ಅಲ್ಲೇ ಓದಲು ಕೂತವರಿಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಹಿಡಿಯೇ ಕಾಣೆಯಾಯಿತು. ಓದುವವರಲ್ಲೇ ಯಾರೋ ಬಚ್ಚಿಟ್ಟಿರಬೇಕು ಅಂತ ನನ್ನ ಗುಮಾನಿ. ಎರಡನೇ ಮಹಾಯುದ್ಧದ ಬಾಂಬಿಗೆ ಹುಲಿ ಚೂರಾಗಿ, ಆಮೇಲೆ ಜೋಡಿಸಿದ್ದಾರೆ. ಇಷ್ಟೆಲ್ಲ ಆದ ಮೇಲೆ ಅದರ ಇವತ್ತಿನ ದನಿಯೇ ಟಿಪ್ಪು ಕೇಳಿದ ದನಿ ಅಂತ ಆಣೆ ಮಾಡಿ ಹೇಳುವುದು ಕಷ್ಟ.

ಪ್ರಶ್ನೆ: ಚಿತ್ರ, ಶಿಲ್ಪಗಳ ಮ್ಯೂಸಿಯಂಗೆ ವಾದ್ಯ ಯಾಕೆ? ಹೋದರೆ ಏನು ನೋಡಬೇಕು?

ಉತ್ತರ: ಮೊದಲನೆಯದಕ್ಕೆ ಚಿಕ್ಕ ಉತ್ತರ: ಎಷ್ಟೋ ವಾದ್ಯಗಳೇ ಚಿತ್ರ, ಶಿಲ್ಪ. ಮೆಟ್ರೊಪಾಲಿಟನ್‌ನಲ್ಲಿ ನವಿಲಿನ ಆಕಾರದ ಮಯೂರಿ ವೀಣೆ ಇದೆ. ರೋಮ್‌ನ ಮಿಕೆಲೆ ತೊದೀನಿಯ ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ, ಕೀ ಒತ್ತಿದರೆ ತಂತಿ ಮೀಟುವ ವಾದ್ಯ) ಇದೆ, ಚಿನ್ನದ ಲೇಪದ ಸಮುದ್ರದೇವತೆಗಳು ಅದನ್ನು ಹೊತ್ತು ನಿಂತಿದ್ದಾರೆ. ಹಾರ್ಪ್ಸಿಕಾರ್ಡ್ ಮುಚ್ಚಳದ ಒಳಮೈಯಲ್ಲಿ ಚಿತ್ರ ಬರೆಸುವ ರೂಢಿ ಇತ್ತು, ನುಡಿಸಲು ಮುಚ್ಚಳ ಎತ್ತಿದರೆ ಚಿತ್ರ ಕಾಣುತ್ತಿತ್ತು. ವಾದ್ಯ ಹಾಳಾದ ಮೇಲೆ ಬರೀ ಮುಚ್ಚಳವನ್ನು ಚಿತ್ರದ ಹಾಗೆ ಗೋಡೆಗೆ ನೇತುಹಾಕಿದ್ದೂ ಉಂಟು.

ಏನು ನೋಡಬೇಕು ಅಂದರೆ, ನಾನು ಮೊದಲು ಹುಡುಕುವುದು ಬೆಸುಗೆ. ಆಂಟ್‌ವರ್ಪ್‌ನ ರುಕರ್ಸ್ ಮನೆತನ ಮಾಡಿದ ಹಾರ್ಪ್ಸಿಕಾರ್ಡ್ ಎಲ್ಲಾದರೂ ಸಿಕ್ಕಿದರೆ ಮುಚ್ಚಳದ ಚಿತ್ರವನ್ನು ಓರೆಯಾಗಿ, ಬೆಳಕು ಜಾರುವ ಕಡೆಯಿಂದ ನೋಡಿ. 18ನೇ ಶತಮಾನದಲ್ಲಿ ಹೆಚ್ಚು ಕೀಗಳು ಬೇಕೆಂದು ಪ್ಯಾರಿಸ್‌ನವರು ಇವನ್ನು ಅಗಲ ಮಾಡುತ್ತಿದ್ದರು. ಪೆಟ್ಟಿಗೆ ಅಗಲವಾದರೆ ಮುಚ್ಚಳವೂ ಅಗಲವಾಗಬೇಕಲ್ಲ? ಹಲಗೆಯ ಪಟ್ಟಿಯೊಂದನ್ನು ಅಂಟಿಸಿ, ಆಕಾಶಕ್ಕೆ ಇನ್ನಷ್ಟು ಮೋಡ, ಕಾಡಿಗೆ ಇನ್ನೊಂದು ಮರ ಬರೆಸಿ ಹೊಂದಿಸುತ್ತಿದ್ದರು. ಹೊಸ ಮರದ ಎಲೆಗಳ ಹಸಿರು ಹಳೆಯದಕ್ಕೆ ಪೂರ್ತಿ ಕೂಡಿರುವುದಿಲ್ಲ.