ಗುಂಡು ಹಾರಿದಾಗಲೆಲ್ಲ ‘ಪ್ರಾರ್ಥಿಸುತ್ತೇವೆ’ ಅನ್ನುವ ಕ್ರೈಸ್ತರು ಬೇರೇನಾದರೂ ಮಾಡುತ್ತಾರಾ?

ಅಮೆರಿಕದಲ್ಲಿ ಶಾಲೆಯಲ್ಲೋ ಅಂಗಡಿಯಲ್ಲೋ ಗುಂಡಿನ ದಾಳಿ ಆಗುತ್ತದೆ, ಕ್ರೈಸ್ತರು ‘ನಿಮಗಾಗಿ ಪ್ರಾರ್ಥಿಸುತ್ತೇವೆ’ ಅಂತ ಬರೆದು ಸುಮ್ಮನಾಗುತ್ತಾರೆ, ಇದರಿಂದ ಯಾರಿಗೆ ಏನು ಬಂತು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಸಿಟ್ಟಿದೆ. ಅದು ನ್ಯಾಯವಾದ ಸಿಟ್ಟು. ನಾನು ಧಾರವಾಡದ ಕಡೆಯವನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆದವನು. ಫಿಲಡೆಲ್ಫಿಯಾ ಹತ್ತಿರ ಸಂಸಾರ ಹೂಡಿ ಬಹಳ ವರ್ಷ ಆಯ್ತು. ಇಲ್ಲಿ ಕಣ್ಣಾರೆ ಕಂಡದ್ದನ್ನ ಹೇಳುತ್ತೇನೆ.

ಮೊದಲು ನನ್ನ ತಪ್ಪು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳನ್ನು, 6 ಜನ ಸಿಬ್ಬಂದಿಯನ್ನು ಒಬ್ಬ ಗುಂಡಿಟ್ಟು ಕೊಂದ. ಅದು ಶುಕ್ರವಾರ. ಭಾನುವಾರ ನಾವು ಹೋಗುತ್ತಿದ್ದ ಚರ್ಚಿನಲ್ಲಿ ಎರಡು ನಿಮಿಷ ಮೌನ, ಒಂದು ಪ್ರಾರ್ಥನೆ, ಆಮೇಲೆ ಮಕ್ಕಳ ಕ್ರಿಸ್‌ಮಸ್ ನಾಟಕದ ರಿಹರ್ಸಲ್. ನಾನೂ ಕಣ್ಣೊರೆಸಿಕೊಂಡು ಮನೆಗೆ ಬಂದು ಊಟ ಮಾಡಿದೆ. ದೇವರಿಗೆ ಹೇಳಿ ಆಯ್ತಲ್ಲ, ಇನ್ನು ಅವನು ನೋಡಿಕೊಳ್ಳುತ್ತಾನೆ ಅನ್ನೋ ಸಮಾಧಾನ. ಹಾಗೇ ಎಷ್ಟೋ ವರ್ಷ ಕಳೆದೆ.

2025ರ ಆಗಸ್ಟ್ 27ರಂದು ಮಿನಿಯಾಪೊಲಿಸ್‌ನ ಅನನ್ಸಿಯೇಷನ್ ಚರ್ಚಿನಲ್ಲಿ ಶಾಲೆಯ ಮಕ್ಕಳು ಬಲಿಪೂಜೆಗೆ, ಅಂದರೆ ಕ್ಯಾಥೊಲಿಕರ ಆರಾಧನೆಗೆ, ಕೂತಿದ್ದರು. ಹೊರಗಿನಿಂದ ಕಿಟಕಿಗಳ ಮೂಲಕ ಗುಂಡು ಬಂತು. 8 ವರ್ಷದ ಒಂದು, 10 ವರ್ಷದ ಒಂದು, ಎರಡು ಮಕ್ಕಳು ಹೋದರು. ಆ ಊರಿನ ಮೇಯರ್ ಜೇಕಬ್ ಫ್ರೇ ಅವತ್ತೇ ಹೇಳಿದರು: ಬರೀ ಪ್ರಾರ್ಥನೆಯ ಮಾತು ಆಡಬೇಡಿ, ಈ ಮಕ್ಕಳು ಪ್ರಾರ್ಥನೆ ಮಾಡುತ್ತಲೇ ಇದ್ದರು ಅಂತ. ಕೆಲವು ಕ್ರೈಸ್ತರಿಗೆ ಆ ಮಾತು ಚುಚ್ಚಿತು. ನನಗೆ ಅದು ಸತ್ಯವೇದದ, ಅಂದರೆ ಬೈಬಲಿನ, ಮಾತಿನ ಹಾಗೇ ಕೇಳಿಸಿತು. ಮೈಮೇಲೆ ಬಟ್ಟೆಯಿಲ್ಲದೆ, ಹೊಟ್ಟೆಗಿಲ್ಲದೆ ಬಂದವನಿಗೆ ‘ಸಮಾಧಾನವಾಗಿ ಹೋಗು, ಬೆಚ್ಚಗಿರು’ ಅಂತ ಹೇಳಿ ಬರಿಗೈಲಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬನು ಅದರಲ್ಲಿರುವ ತನ್ನ ಪತ್ರದ ಎರಡನೇ ಅಧ್ಯಾಯದಲ್ಲಿ ಕೇಳುತ್ತಾನೆ. ನೀವು ಕೇಳಿದ್ದೂ ಅದನ್ನೇ ಅಲ್ವಾ?

ಹಾಗಂತ ಪ್ರಾರ್ಥನೆ ಬಿಡಿ ಅಂತ ನಾನು ಹೇಳುವುದಿಲ್ಲ. ನನ್ನನ್ನು ಮನೆಯಿಂದ ಎಬ್ಬಿಸಿ ಹೊರಗೆ ಕಳಿಸಿದ್ದು ಪ್ರಾರ್ಥನೆಯೇ. ಅದು ಹೇಗಾಯ್ತು ಅಂತ ಹೇಳುತ್ತೇನೆ.

ಈಗ ನಾವಿರುವ ಕಡೆ ‘ಹೀಡಿಂಗ್ ಗಾಡ್ಸ್ ಕಾಲ್’ (ದೇವರ ಕರೆಗೆ ಓಗೊಡುವುದು) ಅಂತ ಒಂದು ಗುಂಪಿದೆ. 2009ರ ಜನವರಿಯಲ್ಲಿ ಕ್ವೇಕರ್, ಮೆನೊನೈಟ್, ಬ್ರೆದ್ರನ್ ಅನ್ನುವ ಕ್ರೈಸ್ತ ಸಭೆಗಳವರು ಫಿಲಡೆಲ್ಫಿಯಾದಲ್ಲಿ ಶಾಂತಿಯ ಬಗ್ಗೆ ಸೇರಿದಾಗ ಹುಟ್ಟಿದ್ದು. ಈ ಮೂರೂ ಸಭೆಗಳು ಮೊದಲಿಂದಲೂ ಆಯುಧ ಹಿಡಿಯುವುದಿಲ್ಲ ಅಂದವು. ಆ ಸಲ ಅವರು ಸಭಾಂಗಣದಲ್ಲೇ ಕೂರಲಿಲ್ಲ. ಊರೊಳಗಿನ ಒಂದು ಬಂದೂಕಿನ ಅಂಗಡಿಯ ಮುಂದೆ ಹೋಗಿ ನಿಂತರು. ಇಲ್ಲಿ ಗಂಭೀರ ಅಪರಾಧದ ದಾಖಲೆ ಇರುವವನಿಗೆ ಅಂಗಡಿಯವನು ಬಂದೂಕು ಮಾರುವಂತಿಲ್ಲ. ಅದಕ್ಕೆ ಅಂಥ ದಾಖಲೆ ಇರುವವನು, ದಾಖಲೆ ಶುದ್ಧವಾಗಿರುವ ಗೆಳೆಯನನ್ನೋ ಗೆಳತಿಯನ್ನೋ ಕಳಿಸುತ್ತಾನೆ. ಅವರ ಹೆಸರಲ್ಲಿ ಖರೀದಿ, ಇವನ ಕೈಗೆ ಬಂದೂಕು. ಇಂಥ ವ್ಯಾಪಾರ ತಡೆಯಲು ಹತ್ತು ಅಂಶಗಳ ಒಂದು ನಿಯಮಾವಳಿ ಆಗಲೇ ಇತ್ತು, ಬಂದೂಕನ್ನೂ ಮಾರುವ ದೊಡ್ಡ ಕಂಪನಿ ವಾಲ್‌ಮಾರ್ಟ್ ಅದನ್ನು ಒಪ್ಪಿತ್ತು. ನೀವೂ ಸಹಿ ಹಾಕಿ ಅಂತ ಇವರು ಕೇಳಿದ್ದು ಅಷ್ಟೇ. ಅಂಗಡಿಯವರು ಒಪ್ಪಲಿಲ್ಲ. 12 ಜನ ಅಲ್ಲಿಂದ ಕದಲಲಿಲ್ಲ, ಬಂಧನವಾಯ್ತು. ಮೇ ತಿಂಗಳಲ್ಲಿ ಕೋರ್ಟು ಅವರನ್ನು ನಿರಪರಾಧಿಗಳು ಅಂತ ಬಿಟ್ಟಿತು. ಅದೇ ವರ್ಷ ಆ ಅಂಗಡಿ ಮುಚ್ಚಿತು.

ಅವರ ಇನ್ನೊಂದು ಕೆಲಸದಲ್ಲಿ ನಾನು ಸೇರಿಕೊಂಡೆ. ಗುಂಡಿಗೆ ಬಲಿಯಾದ ಒಬ್ಬೊಬ್ಬರಿಗೂ ಒಂದೊಂದು ಟೀ ಶರ್ಟು. ಅದರ ಮೇಲೆ ಹೆಸರು, ವಯಸ್ಸು, ಸತ್ತ ದಿನ. ಚರ್ಚಿನ ಮುಂದಿನ ಹುಲ್ಲಿನಲ್ಲಿ ಶಿಲುಬೆಯಾಕಾರದ ಕಂಬ ನೆಟ್ಟು ಶರ್ಟು ತೊಡಿಸುತ್ತಾರೆ, ಸಾಲು ಸಾಲಾಗಿ. ಎರಡು ವಾರ ಹಾಗೇ ಇರುತ್ತವೆ. ಆಮೇಲೆ ಬೇರೆ ಚರ್ಚಿಗೆ ಹೋಗುತ್ತವೆ.

ನಾನು ಕಂಬ ಹೊಡೆಯುವ ಪಾಳಿಯಲ್ಲಿದ್ದೆ. ಸಂಜೆ ಒಬ್ಬ ತಾಯಿ ಬಂದರು. ಸಾಲಿನಲ್ಲಿ ನಿಧಾನ ಹುಡುಕಿಕೊಂಡು ಹೋಗಿ ಮಗನ ಶರ್ಟಿನ ಮುಂದೆ ನಿಂತರು. ಅಳಲಿಲ್ಲ. ‘ಇದು ದೊಡ್ಡದಾಯ್ತು, ಅವನು ತೆಳ್ಳಗಿದ್ದ’ ಅಂದರು. ತಲೆಯಿಂದ ಒಂದು ಕ್ಲಿಪ್ಪು ತೆಗೆದು, ಶರ್ಟನ್ನು ಹಿಂದೆ ಮಡಿಚಿ, ಕ್ಲಿಪ್ಪು ಹಾಕಿ ಬಿಗಿ ಮಾಡಿದರು. ಮಗನ ವಯಸ್ಸು 19. ನಾನು ಸುತ್ತಿಗೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಅಲ್ಲಿಯವರೆಗೂ ನಾನು ‘ಅಮೆರಿಕದ ಹಿಂಸೆಗಾಗಿ’ ಪ್ರಾರ್ಥನೆ ಮಾಡುತ್ತಿದ್ದೆ. ಅವತ್ತು ರಾತ್ರಿ ಆ ಹುಡುಗನ ಹೆಸರು ಹಿಡಿದು, ಅವನ ತಾಯಿಗಾಗಿ ಮಾಡಿದೆ. ಮರುದಿನ ಸುಮ್ನೆ ಕೂರಲು ಆಗಲಿಲ್ಲ. ಒಬ್ಬರ ಹೆಸರು ಬಾಯಲ್ಲಿದ್ದರೆ, ಅವರಿಗೆ ನಾನೇನು ಮಾಡಿದೆ ಅನ್ನೋ ಪ್ರಶ್ನೆ ಬೆನ್ನಿಗೇ ಬರುತ್ತದೆ.

ಇನ್ನೊಂದು ಕಡೆಯ ಕಥೆ ನನ್ನ ಬಾಲ್ಯಕ್ಕೆ ತಾಗಿದ್ದು. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಮೈಕ್ ಮಾರ್ಟಿನ್ ಅನ್ನುವ ಮೆನೊನೈಟ್ ಸಭೆಯವರು ಸ್ಯಾಂಡಿ ಹುಕ್ ಆದ ಮೇಲೆ, 2013ರಲ್ಲಿ, ‘ರಾ ಟೂಲ್ಸ್’ ಅಂತ ಶುರು ಮಾಡಿದರು. ಇಂಗ್ಲಿಷಿನಲ್ಲಿ ‘ವಾರ್’ ಅಂದರೆ ಯುದ್ಧ. ಅದೇ ಅಕ್ಷರಗಳನ್ನು ತಿರುಗಿಸಿದರೆ ‘ರಾ’. ಜನ ತಾವಾಗಿಯೇ ಬಂದೂಕು ತಂದು ಕೊಡುತ್ತಾರೆ. ಅದನ್ನು ಅವರ ಕಣ್ಣೆದುರೇ ಗರಗಸದಲ್ಲಿ ಕತ್ತರಿಸುತ್ತಾರೆ. ನಳಿಗೆಯನ್ನು ಕಾಯಿಸಿ ಬಡಿದು ತೋಟದ ಗುದ್ದಲಿ ಮಾಡುತ್ತಾರೆ. ಕತ್ತಿಗಳನ್ನು ಗುಳಗಳಾಗಿ, ಭರ್ಜಿಗಳನ್ನು ಕುಡುಗೋಲುಗಳಾಗಿ ಮಾಡುವರು ಅಂತ ಸತ್ಯವೇದದ ಪ್ರವಾದಿ ಯೆಶಾಯನ ಗ್ರಂಥದ ಎರಡನೇ ಅಧ್ಯಾಯದಲ್ಲಿ ಇದೆಯಲ್ಲ, ಅದನ್ನು ಇವರು ಇದ್ದ ಹಾಗೇ ತೆಗೆದುಕೊಂಡರು. ಈಗ ಬೇರೆ ಬೇರೆ ರಾಜ್ಯಗಳಲ್ಲಿ ಸಭೆಗಳು ಇದನ್ನು ಮಾಡುತ್ತವೆ.

ಅಂಥ ಒಂದು ಶನಿವಾರ ನಾನೂ ಹೋಗಿದ್ದೆ. ಊರಲ್ಲಿ ಅಜ್ಜನ ಜೊತೆ ಕುಲುಮೆಗೆ ಹೋಗಿ ಕೂರುತ್ತಿದ್ದೆ. ಮುಂಗಾರಿಗೆ ಮುಂಚೆ ಎಲ್ಲರೂ ಗುಳ, ಕುಂಟೆಯ ಕುಡ ಬಡಿಸಲು ಬರುತ್ತಿದ್ದರು. ನನಗೆ ತಿದಿ ಒತ್ತುವ ಕೆಲಸ. ಇಲ್ಲಿ ಗ್ಯಾಸಿನ ಕುಲುಮೆ, ತಿದಿ ಇಲ್ಲ. ಆದರೆ ಕಾದ ಕಬ್ಬಿಣದ ವಾಸನೆ ಅದೇ.

ಸುಮಾರು 70 ವರ್ಷದ ಒಬ್ಬರು ಟವೆಲ್‌ನಲ್ಲಿ ಸುತ್ತಿ ಒಂದು ರೈಫಲ್ ತಂದಿದ್ದರು. ಅವರ ತಮ್ಮ ಅದರಿಂದಲೇ ಪ್ರಾಣ ಕಳೆದುಕೊಂಡದ್ದು. ಎಷ್ಟೋ ವರ್ಷ ಅಟ್ಟದ ಮೇಲೆ ಇತ್ತಂತೆ. ಇಟ್ಟುಕೊಳ್ಳಲೂ ಆಗಲಿಲ್ಲ, ಮಾರಲೂ ಮನಸ್ಸು ಬರಲಿಲ್ಲ, ಮಾರಿದರೆ ಇನ್ಯಾರ ಮನೆಗೆ ಹೋಗುತ್ತದೋ ಅಂತ. ನಳಿಗೆ ಕೆಂಪಗಾದ ಮೇಲೆ ಸುತ್ತಿಗೆ ಅವರ ಕೈಗೇ ಕೊಟ್ಟರು. ಮೊದಲ ಏಟುಗಳಿಗೆ ಟೊಳ್ಳು ಸದ್ದು ಬಂತು. ಬಡಿದ ಹಾಗೆ ನಳಿಗೆಯ ಬಾಯಿ ಮುಚ್ಚುತ್ತಾ ಹೋಯ್ತು, ಸದ್ದು ಗಟ್ಟಿಯಾಯ್ತು. ಅವರು ಸಾಕಾಗಿ ನಿಲ್ಲಿಸಿದಾಗ ಪಾಸ್ಟರ್ ಏನೂ ಮಾತಾಡಲಿಲ್ಲ. ಅವರ ಹೆಗಲ ಮೇಲೆ ಕೈ ಇಟ್ಟು ನಿಂತರು. ನಾನು ಕಂಡ ಒಳ್ಳೆಯ ಪ್ರಾರ್ಥನೆಗಳಲ್ಲಿ ಅದೂ ಒಂದು.

ಈ ವಿಷಯ ಬಂದದ್ದಕ್ಕೆ ಹೇಳಲೇಬೇಕು. ಸುದ್ದಿಯಲ್ಲಿ ನೀವು ನೋಡುವುದು ಶಾಲೆ, ಮಾಲ್. ಆದರೆ ಅಮೆರಿಕದಲ್ಲಿ ಗುಂಡಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. 2021ರಲ್ಲಿ ಸತ್ತ 48,830 ಜನರಲ್ಲಿ 26,000ಕ್ಕೂ ಹೆಚ್ಚು ಮಂದಿ ಹಾಗೆ ಹೋದವರು. ಸಭೆಗಳು ಹೆಚ್ಚು ಕೆಲಸ ಮಾಡಬಹುದಾದ ಜಾಗ ಇದೇ ಅಂತ ನನಗನ್ನಿಸುತ್ತದೆ. ಯಾರ ಮನೆಯಲ್ಲಿ ಯಾರು ಕುಗ್ಗಿದ್ದಾರೆ ಅಂತ ಸಭೆಯವರಿಗೆ ಗೊತ್ತಿರುತ್ತದೆ. ಕೆಟ್ಟ ಗಳಿಗೆ ದಾಟುವವರೆಗೆ ಬಂದೂಕನ್ನೋ ಬೀಗದ ಕೈಯನ್ನೋ ಬೇರೆಯವರ ಹತ್ತಿರ ಇಡಿಸಿದರೆ ಜೀವ ಉಳಿಯುತ್ತದೆ. ನಮ್ಮ ಈಗಿನ ಚರ್ಚಿನಲ್ಲಿ ಬಾಗಿಲ ಹತ್ತಿರದ ಮೇಜಿನ ಮೇಲೆ ಬಂದೂಕಿಗೆ ಹಾಕುವ ಕೇಬಲ್ ಬೀಗಗಳ ಡಬ್ಬಿ ಇಟ್ಟಿದ್ದೇವೆ. ಯಾರೂ ಹೆಸರು ಕೇಳುವುದಿಲ್ಲ. ಪಕ್ಕದಲ್ಲಿ 988 ಅಂತ ದೊಡ್ಡದಾಗಿ ಬರೆದ ಚೀಟಿ. ಅದು ಆತ್ಮಹತ್ಯೆ ತಡೆಯಲು 2022ರಿಂದ ದೇಶಕ್ಕೆಲ್ಲ ಇರುವ ಸಹಾಯವಾಣಿಯ ನಂಬರು. ಡಬ್ಬಿ ಆಗಾಗ ಖಾಲಿಯಾಗುತ್ತದೆ.

ಕಾನೂನಿನ ವಿಷಯದಲ್ಲಿ ಕ್ರೈಸ್ತರಲ್ಲೇ ಒಮ್ಮತ ಇಲ್ಲ. ನಮ್ಮ ಸಭೆಯಲ್ಲೇ ಜಿಂಕೆ ಬೇಟೆಗೆ ಹೋಗುವ ಒಳ್ಳೆಯ ಮನುಷ್ಯರಿದ್ದಾರೆ. ಬೀಗದ ಡಬ್ಬಿ ತರುವ ಖರ್ಚು ಕೊಟ್ಟವರೂ ಅವರಲ್ಲೊಬ್ಬರು. ನನ್ನ ಅಭಿಪ್ರಾಯ ಮಾತ್ರ ಸ್ಪಷ್ಟ. 2015ರ ಜೂನ್ 17ರಂದು ಚಾರ್ಲ್ಸ್‌ಟನ್‌ನ ಇಮ್ಯಾನುಯೆಲ್ ಚರ್ಚಿನಲ್ಲಿ ಸತ್ಯವೇದ ಅಧ್ಯಯನಕ್ಕೆ ಕೂತಿದ್ದ 9 ಜನ ಕಪ್ಪು ಕ್ರೈಸ್ತರನ್ನು ಕೊಂದವನಿಗೆ ಆ ಪಿಸ್ತೂಲು ಸಿಗಬಾರದಿತ್ತು. ಬಂದೂಕು ಕೊಳ್ಳುವಾಗ ಮಾಡುವ ಅವನ ಹಿನ್ನೆಲೆ ಪರಿಶೀಲನೆ ಮೂರು ಕೆಲಸದ ದಿನಗಳಲ್ಲಿ ಮುಗಿಯಲಿಲ್ಲ. ಮುಗಿಯದಿದ್ದರೂ ಮಾರಬಹುದು ಅಂತ ಕಾನೂನು ಹೇಳುತ್ತಿತ್ತು. ಕೊಲೆಗಳಾಗಿ ಎರಡು ದಿನದ ಮೇಲೆ ಕೋರ್ಟಿನಲ್ಲಿ ಸತ್ತವರ ಮನೆಯವರು ಕೆಲವರು ಅವನನ್ನು ಕ್ಷಮಿಸಿದ್ದೇವೆ ಅಂದರು. ಜಗತ್ತು ಆ ಕ್ಷಮೆಯನ್ನು ಹೊಗಳಿತು. ಆ ಮೂರು ದಿನದ ನಿಯಮವನ್ನು ಮರೆಯಿತು. ನನಗೆ ಎರಡೂ ನೆನಪಿರಬೇಕು. ಅದಕ್ಕೇ ನಮ್ಮ ಪ್ರತಿನಿಧಿಯ ಕಚೇರಿಗೆ ಪತ್ರ ಬರೆಯುತ್ತೇನೆ, ಫೋನ್ ಮಾಡುತ್ತೇನೆ.

ದೇವರು ಯಾಕೆ ತಡೆಯಲಿಲ್ಲ ಅಂತಲೂ ಕೇಳಿದ್ದೀರಿ. ನನ್ನ ಹತ್ತಿರ ಉತ್ತರ ಇಲ್ಲ. ಸತ್ಯವೇದದ ಕೀರ್ತನೆಗಳಲ್ಲಿ ‘ಇನ್ನೂ ಎಷ್ಟು ಕಾಲ, ಸ್ವಾಮೀ’ ಅಂತ ಕೂಗುವ ಜನ ಇದ್ದಾರೆ. ನಾನು ಅವರ ಜೊತೆ ಸೇರಿ ಕೂಗುತ್ತೇನೆ.

ಕೊನೆಗೆ ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ವಿಷಯ. ಇದಕ್ಕೆ ಯಾವ ಧರ್ಮವೂ ಬೇಕಿಲ್ಲ. ಮಗುವನ್ನು ಆಟಕ್ಕೆ ಬೇರೆಯವರ ಮನೆಗೆ ಕಳಿಸುವ ಮುಂಚೆ ‘ನಿಮ್ಮಲ್ಲಿ ಬಂದೂಕು ಇದೆಯಾ, ಬೀಗ ಹಾಕಿದ್ದೀರಾ’ ಅಂತ ಕೇಳಿ. ಇಲ್ಲಿನ ಮಕ್ಕಳ ಡಾಕ್ಟರುಗಳೂ ಇದನ್ನೇ ಹೇಳುತ್ತಾರೆ. ಮೊದಲ ಸಲ ನನ್ನ ಹೆಂಡತಿ ಕೇಳುವಾಗ ನಾನು ಸಂಕೋಚದಿಂದ ಕಾರಿನಲ್ಲೇ ಕೂತಿದ್ದೆ. ಆ ಮನೆಯಾಕೆ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ಇವೆ ಅಂದರು, ಒಳಗೆ ಕರೆದುಕೊಂಡು ಹೋಗಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ ತೋರಿಸಿದರು. ಆಮೇಲೆ, ‘ನಿಮ್ಮ ಮಗಳಿಗೆ ಕಡಲೆಕಾಯಿ ಅಲರ್ಜಿ ಏನಾದರೂ ಇದೆಯಾ’ ಅಂತ ಅವರು ಕೇಳಿದರು. ಮಗಳು ಅಷ್ಟರಲ್ಲಿ ಮಹಡಿ ಹತ್ತಿ ಹೋಗಿದ್ದಳು.