ದುರಸ್ತಿ ಕೆಟ್ಟು ಬಂದ ಕ್ಯಾನ್ಸರ್‌ಗೆ ದುರಸ್ತಿ ತಡೆಯುವುದೇ ಮದ್ದೇ?

ಪ್ರಶ್ನೆ: ಅಕ್ಕನಿಗೆ ಸ್ತನ ಕ್ಯಾನ್ಸರ್. ಹುಟ್ಟಿನಿಂದಲೇ ಬಿಆರ್‌ಸಿಎ1 ಜೀನ್‌ನಲ್ಲಿ ದೋಷವಿದೆ, ಡಿಎನ್‌ಎ ದುರಸ್ತಿ ಸರಿಯಾಗಿ ಆಗದೆ ಕಾಯಿಲೆ ಬಂದಿದೆ ಎಂದರು ವೈದ್ಯರು. ಈಗ ದುರಸ್ತಿ ಪ್ರೋಟೀನ್‌ಗಳನ್ನೇ ತಡೆಯುವ ಮಾರ್ಪಡಿಸಿದ ಪೆಪ್ಟೈಡ್‌ಗಳ (ಪುಟ್ಟ ಪ್ರೋಟೀನ್ ತುಣುಕುಗಳ) ಬಗ್ಗೆ ಓದಿದೆ. ಇದು ಹೇಗೆ ಸಾಧ್ಯ? ಅಕ್ಕನಿಗೆ ಸಿಗಬಹುದೇ?

ಉತ್ತರ: ಸಾಧ್ಯ. ದುರಸ್ತಿ ಕೆಟ್ಟಾಗ ವರ್ಷಗಟ್ಟಲೆ ತಪ್ಪುಗಳು ಕೂಡಿ ಗೆಡ್ಡೆ ಹುಟ್ಟುತ್ತದೆ, ನಿಜ. ಆದರೆ ಹುಟ್ಟಿದ ಮೇಲೆ ಆ ಕೋಶಗಳೂ ಬದುಕಬೇಕಲ್ಲ! ಉಳಿದಿರುವ ದುರಸ್ತಿ ದಾರಿಗಳನ್ನೇ ಅವು ನೆಚ್ಚಿಕೊಳ್ಳುತ್ತವೆ. ಅದನ್ನೂ ಮುಚ್ಚಿದರೆ ಸಾಯುತ್ತವೆ. ಅಕ್ಕನ ಆರೋಗ್ಯವಂತ ಕೋಶಗಳಲ್ಲಿ ಆ ಜೀನ್‌ನ ಒಂದು ಒಳ್ಳೆಯ ಪ್ರತಿ ಇರುವುದರಿಂದ ಅವು ತಾಳಿಕೊಳ್ಳುತ್ತವೆ. 2005ರಲ್ಲಿ ಪ್ರಯೋಗಾಲಯದಲ್ಲಿ ಕಂಡ ಈ ಸಂಗತಿಯೇ ಪಾರ್ಪ್ ಎಂಬ ದುರಸ್ತಿ ಪ್ರೋಟೀನನ್ನು ತಡೆಯುವ ಔಷಧಗಳಿಗೆ ದಾರಿ ಮಾಡಿಕೊಟ್ಟಿತು. ಓಲಾಪರಿಬ್, ಟಲಾಜೋಪರಿಬ್‌ಗಳಿಗೆ ಇಂಥ ಸ್ತನ ಕ್ಯಾನ್ಸರ್‌ನಲ್ಲಿ ಬಳಸಲು 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಆದರೆ ಕೆಲವು ಗೆಡ್ಡೆಗಳಲ್ಲಿ ಕೆಟ್ಟ ಜೀನ್ ಇನ್ನೊಂದು ಬದಲಾವಣೆಯಿಂದ ಸರಿಹೋಗಿ, ದುರಸ್ತಿ ಮತ್ತೆ ಶುರುವಾಗುತ್ತದೆ, ಮದ್ದು ನಾಟುವುದಿಲ್ಲ. ಪೆಪ್ಟೈಡ್‌ಗಳ ಮೇಲೆ ಆಸೆ ಇರುವುದು ಇಲ್ಲಿ.

ರ್‍ಯಾಡ್51 ಎಂಬ ಪ್ರೋಟೀನ್ ತುಂಡಾದ ಡಿಎನ್‌ಎ ಮೇಲೆ ಸಾಲಾಗಿ ಕೂತು ದುರಸ್ತಿ ಮಾಡಿಸುತ್ತದೆ. ಅದನ್ನು ಅಲ್ಲಿಗೆ ತಂದು ಕೂರಿಸುವುದು ಬಿಆರ್‌ಸಿಎ2 ಎಂಬ ಇನ್ನೊಂದು ಪ್ರೋಟೀನ್. ಹಾಗೆ ಹಿಡಿದು ತರಲು ಬಿಆರ್‌ಸಿಎ2ರಲ್ಲಿರುವ 8 ತುಣುಕುಗಳಲ್ಲಿ ನಾಲ್ಕನೆಯದನ್ನು ನೋಡಿ: ಫಿನೈಲ್‌ಅಲನಿನ್, ಹಿಸ್ಟಿಡಿನ್, ತ್ರಿಯೊನಿನ್, ಅಲನಿನ್ ಎಂಬ ಅಮೈನೊ ಆಮ್ಲಗಳು (ಪ್ರೋಟೀನಿನ ಇಟ್ಟಿಗೆಗಳು) ಒಂದರ ಪಕ್ಕ ಒಂದಿವೆ. ಮೊದಲನೆಯದೂ ಕೊನೆಯದೂ ರ್‍ಯಾಡ್51ರ ಎರಡು ಪುಟ್ಟ ಕುಳಿಗಳಲ್ಲಿ ಕೂರುತ್ತವೆ. ರ್‍ಯಾಡ್51ಗಳು ಪರಸ್ಪರ ಕೊಂಡಿ ಹಾಕಿಕೊಳ್ಳುವುದೂ ಇದೇ ಕುಳಿಗಳಲ್ಲಿ. ಈ ತುಣುಕನ್ನೇ ಪೆಪ್ಟೈಡ್ ಆಗಿ ತಯಾರಿಸಿ ಕೋಶಕ್ಕೆ ತುಂಬಿದರೆ ಕುಳಿ ಭರ್ತಿಯಾಗಿ ಸಾಲು ಕಟ್ಟುವುದು ನಿಲ್ಲುತ್ತದೆ.

ಹಾಗೇ ಕೊಟ್ಟರೆ ಪ್ರಯೋಜನವಿಲ್ಲ. ರಕ್ತದ ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಕೋಶದ ಪೊರೆ ಒಳಗೆ ಬಿಡುವುದಿಲ್ಲ. ಅದಕ್ಕೇ ಎರಡು ತುದಿ ಬೆಸೆದು ಉಂಗುರ ಮಾಡುತ್ತಾರೆ, ಕಿಣ್ವಕ್ಕೆ ಗುರುತು ಸಿಗದಂತೆ ಅಮೈನೊ ಆಮ್ಲದ ಕನ್ನಡಿ ರೂಪ ಸೇರಿಸುತ್ತಾರೆ, ಒಳಹೋಗಲು ಧನ ವಿದ್ಯುದಂಶದ ಬಾಲ ಜೋಡಿಸುತ್ತಾರೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೈಕೊಡುತ್ತದೆ. ಬಿಆರ್‌ಸಿಎ1 ಪ್ರೋಟೀನನ್ನು ತಡೆಯುವ ಪೆಪ್ಟೈಡ್‌ಗಳನ್ನೇ ನೋಡಿ: ಅದರ ಕುಳಿಗೆ ಬೇಕಾದದ್ದು ಫಾಸ್ಫೇಟ್ ಹೊತ್ತ ಸೆರಿನ್ ಎಂಬ ಅಮೈನೊ ಆಮ್ಲ. ಆ ಫಾಸ್ಫೇಟನ್ನು ಕೋಶದ ಕಿಣ್ವಗಳು ಕಿತ್ತುಹಾಕುತ್ತವೆ. ಅದರ ಬದಲು ಅದನ್ನೇ ಹೋಲುವ, ಕೀಳಲಾಗದ ಫಾಸ್ಫೊನೇಟ್ ಹಾಕಿದರೆ ಪೆಪ್ಟೈಡ್ ಉಳಿಯುತ್ತದೆ, ಆದರೆ ಋಣ ವಿದ್ಯುದಂಶದಿಂದಾಗಿ ಪೊರೆ ದಾಟುವುದು ಕಷ್ಟವೇ. ಹಾಗಾಗಿ ಪ್ರಯೋಗಾಲಯದ ಕೊಳವೆಯಲ್ಲಿ ಗಟ್ಟಿಯಾಗಿ ಅಂಟಿತು ಎಂಬ ಸುದ್ದಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಜೀವಂತ ಕೋಶದಲ್ಲಿ ದುರಸ್ತಿ ನಿಂತಿತೇ ಎಂದು ಕೇಳುತ್ತೇನೆ. ರ್‍ಯಾಡ್51 ಮೂಳೆಮಜ್ಜೆಯ ಒಳ್ಳೆಯ ಕೋಶಗಳಿಗೂ ಬೇಕು, ಗೆಡ್ಡೆಗಷ್ಟೇ ತಲುಪಿಸುವುದು ಬೇರೆಯೇ ಸವಾಲು.

ಅಕ್ಕನಿಗೆ ಈ ಪೆಪ್ಟೈಡ್‌ಗಳು ಈಗ ಸಿಗುವುದಿಲ್ಲ, ಇವು ಇನ್ನೂ ಸಂಶೋಧನೆಯಲ್ಲಿವೆ. ಪಾರ್ಪ್ ಔಷಧ ಹೊಂದುತ್ತದೆಯೇ ಎಂದು ಅವರ ಕ್ಯಾನ್ಸರ್ ತಜ್ಞರನ್ನು ಕೇಳಿ. ಹರ್2 (ಕೆಲವು ಸ್ತನ ಗೆಡ್ಡೆಗಳಲ್ಲಿ ಹೆಚ್ಚಾಗಿರುವ ಪ್ರೋಟೀನ್) ವರದಿ ಮತ್ತು ಕಾಯಿಲೆಯ ಹಂತ ನೋಡಿ ಅವರು ನಿರ್ಧರಿಸುತ್ತಾರೆ. ಇಂಥ ಹುಟ್ಟಿನ ದೋಷ ಸಾಮಾನ್ಯವಾಗಿ ತಂದೆ ಅಥವಾ ತಾಯಿಯಿಂದ ಬರುವುದರಿಂದ ನಿಮ್ಮಲ್ಲೂ ಇರುವ ಸಾಧ್ಯತೆ ಶೇ 50. ದಯವಿಟ್ಟು ಆನುವಂಶಿಕ ಸಮಾಲೋಚಕರನ್ನು ಕಂಡು ಪರೀಕ್ಷೆಯ ಬಗ್ಗೆ ಮಾತಾಡಿ.